ಮರವೇರಿದ ಗೆದ್ದಲು: ಕೊಡಲಿ ಎತ್ತುವ ಮುನ್ನ

ಮಾವಿನ ಮರದ ಬುಡದಿಂದ ಆಳೆತ್ತರದವರೆಗೆ ಮಣ್ಣಿನ ಹೊದಿಕೆ ಕಂಡೊಡನೆ, ‘ಮರ ಕೆಟ್ಟಿತು, ಕಡಿದು ಮಾರುವುದೇ ಸರಿ’ ಎಂದುಕೊಳ್ಳುವ ರೈತರು ಹಲವರು. ಆದರೆ ಮರದ ಮೇಲೆ ಕಾಣುವ ಗೆದ್ದಲೆಲ್ಲ ಮರವನ್ನು ಕೊಲ್ಲುವುದಿಲ್ಲ. ಮರವನ್ನು ಒಳಗಿನಿಂದ ತಿನ್ನುವ ಗೆದ್ದಲು ಹೊರಗೆ ಕಾಣುವುದೇ ಅಪರೂಪ.

ಮೂರು ಬಗೆ

ಮೊದಲನೆಯದು ಹುತ್ತದ ಗೆದ್ದಲು. ಇದರ ರಾಣಿ ಇರುವುದು ನೆಲದೊಳಗೆ. ಕೆಲಸದ ಹುಳುಗಳು ಬಿಸಿಲು, ಇರುವೆಗಳಿಂದ ಪಾರಾಗಲು ಮಣ್ಣಿನ ಮರೆ ಕಟ್ಟಿಕೊಂಡು ಮರವೇರುತ್ತವೆ. ಬೆಳೆದು ಗಟ್ಟಿಯಾದ ಮರದಲ್ಲಿ ಇವು ತಿನ್ನುವುದು ಹೆಚ್ಚಾಗಿ ಒಣಗಿದ ಹೊರತೊಗಟೆಯನ್ನು. ಎಳೆಯ ಸಸಿ, ನೀರಿಲ್ಲದೆ ಸೊರಗಿದ ಗಿಡಗಳ ಮಾತು ಬೇರೆ. ಅವನ್ನು ಬುಡದಲ್ಲೇ ತಿಂದು ಸಾಯಿಸಬಲ್ಲವು.

ಎರಡನೆಯದು ಮಲೆನಾಡಿನ ಮರಗಳ ಮೇಲೆ ಕಂದು ಉಂಡೆಯಂಥ ಗೂಡು ಕಟ್ಟುವ ಜಾತಿ. ಇದರ ಮುಖ್ಯ ಆಹಾರ ಸತ್ತ ಕಟ್ಟಿಗೆ.

ಮೂರನೆಯದೇ ಕಳ್ಳ ಶತ್ರು. ಇದಕ್ಕೆ ಹುತ್ತವೂ ಬೇಡ, ನೆಲದ ಸಂಪರ್ಕವೂ ಬೇಡ. ರೆಕ್ಕೆಯ ಜೋಡಿಯೊಂದು ಮುರಿದ ಕೊಂಬೆಯ ಒಣ ಮೋಟಿನಲ್ಲೋ ಮರದ ಗಾಯದಲ್ಲೋ ಸೇರಿ ಸಂಸಾರ ಹೂಡುತ್ತದೆ. ಅದರ ಸಂತಾನ ವರ್ಷಗಟ್ಟಲೆ ಒಳಗೊಳಗೇ ತಿಂದು ಕಾಂಡವನ್ನು ಟೊಳ್ಳು ಮಾಡುತ್ತದೆ. ಶ್ರೀಲಂಕಾದ ಚಹಾ ತೋಟಗಳಿಗೆ ಇಂಥ ಗೆದ್ದಲು ಬಹುಕಾಲದ ಪೀಡೆ.

ಹಸಿರೆಲೆ ನಂಬಬೇಡಿ

ಮರದ ನಡುವಿನ ಚೇಗಿನಲ್ಲಿ ಜೀವವಿಲ್ಲ. ನೀರು, ಆಹಾರ ಸಾಗುವುದು ಹೊರಪದರಗಳಲ್ಲಿ. ಆದ್ದರಿಂದ ಒಳಗೆ ಟೊಳ್ಳಾದ ಮರವೂ ಚಿಗುರುತ್ತದೆ, ಕಾಯಿ ಬಿಡುತ್ತದೆ. ಬಿರುಗಾಳಿಗೆ ಮುರಿದಾಗಲೇ ಗುಟ್ಟು ರಟ್ಟಾಗುವುದು. ಕೊಡಲಿಯ ಹಿಂಬದಿಯಿಂದ ಕಾಂಡವನ್ನು ತಟ್ಟಿ ನೋಡಿ. ಡಬಡಬ ಸದ್ದು ಬಂದರೆ ಒಳಗೆ ಪೊಳ್ಳಿರಬಹುದು.

ನಾಟಾದ ವಿಷಯದಲ್ಲೂ ಭೇದವಿದೆ. ತೇಗದ ಚೇಗನ್ನು ಗೆದ್ದಲು ಸುಲಭಕ್ಕೆ ಮುಟ್ಟದು. ಅದರ ಹೊರಗಿನ ಬಿಳಿ ಭಾಗವನ್ನು ಬಿಡದು. ಮಾವಿನ ನಾಟಾಕ್ಕೆ ಅಂಥ ರಕ್ಷಣೆಯಿಲ್ಲ.

ರೈತರು ಮಾಡಬೇಕಾದುದು

1. ಮಣ್ಣಿನ ಹೊದಿಕೆಯನ್ನು ಗೋಣಿತಟ್ಟಿನಿಂದ ಉಜ್ಜಿ ತೆಗೆಯಿರಿ. ಅಡಿಯಲ್ಲಿ ತೊಗಟೆ ಗಟ್ಟಿಯಾಗಿ, ಹಸಿಯಾಗಿದ್ದರೆ ಮರ ಕಡಿಯುವ ಅವಸರ ಬೇಡ.

2. ಕೊಂಬೆ ತೆಗೆಯುವಾಗ ಉದ್ದನೆಯ ಮೋಟು ಬಿಡಬೇಡಿ. ಮೊದಲು ಅಡಿಯಿಂದ ಗರಗಸದಲ್ಲಿ ಕಚ್ಚು ಹಾಕಿ, ಬಳಿಕ ಮೇಲಿನಿಂದ ಕೊಯ್ದರೆ ತೊಗಟೆ ಸೀಳದು.

3. ಗಾಯ ಕೊಳೆಯದಂತೆ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕಲಸಿ, ಆಮೇಲೆ ಬೆರೆಸಬೇಕು. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯನ್ನೇ ಬಳಸಿ.

4. ಕಡಿದ ದಿಮ್ಮಿಗಳನ್ನು ನೆಲಕ್ಕೆ ತಾಗಿಸದೆ ಕಲ್ಲುಗಳ ಮೇಲೆ ಪೇರಿಸಿ, ಗಾಳಿಯಾಡಲು ಬಿಡಿ.

ಹಿಂದೆ ಗೆದ್ದಲಿಗೆ ಬಿ.ಎಚ್.ಸಿ. ಪುಡಿ ಎರಚುವ ರೂಢಿಯಿತ್ತು. 1997ರಲ್ಲಿ ಅದನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಅಟ್ಟದ ಮೇಲೆ ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಕೂಡದು.

ಮಳೆಗಾಲಕ್ಕೆ ಮುಂಚೆ ಒಮ್ಮೆ ತೋಟ ಸುತ್ತಿ ಒಣ ಮೋಟುಗಳನ್ನು ಎಣಿಸಿ. ಗೆದ್ದಲು ಮನೆ ಹುಡುಕುವುದು ಅಲ್ಲಿಯೇ.