ಮಾಂಗಾದಿಂದ ಆನಿಮೆಗೆ: ಲಯದ ಒಡೆತನವನ್ನು ಕುರಿತು ಒಂದು ವಿವೇಚನೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಹಿಂದೆ ಜೋಳದ ರಾಶಿಯ ಕಾಲಕ್ಕೆ ರಾತ್ರಿಯ ಕಣದಲ್ಲಿ ಹಂತಿಯ ಹಾಡು ಕೇಳಿಬರುತ್ತಿತ್ತು. ಮೇಟಿಯ ಸುತ್ತ ತಿರುಗುವ ಎತ್ತುಗಳ ಹೆಜ್ಜೆಯೇ ಅದರ ಲಯ. ಬೀಸುವ ಕಲ್ಲಿನ ಪದಗಳಿಗೆ ಕಲ್ಲಿನ ಸುತ್ತೇ ತಾಳ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿಹಾಕಿದ ಹೆಣ್ಣುಮಕ್ಕಳ ಪದಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾದವು. ಪದಗಳು ಉಳಿದವು, ಲಯದ ಒಡೆತನ ಮಾತ್ರ ಬೀಸುವವಳ ಕೈಯಿಂದ ಓದುಗನ ಕಣ್ಣಿಗೆ ಸಂದಿತು. ಮಾಧ್ಯಮ ಬದಲಾದಾಗ ಲಯವು ಯಾರ ವಶವಾಗುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಇದಕ್ಕೆ ವಿಲೋಮವಾದ ಒಂದು ನಿದರ್ಶನದಿಂದ ಇಲ್ಲಿ ವಿವೇಚಿಸುತ್ತೇವೆ.

ಜಪಾನಿನಲ್ಲಿ ಚೌಕಟ್ಟುಗಳಲ್ಲಿ ಚಿತ್ರಿಸಿದ ಕಥೆಗೆ ಮಾಂಗಾ ಎಂದೂ ಚಲಿಸುವ ಚಿತ್ರಗಳ ಕಥನಕ್ಕೆ ಆನಿಮೆ ಎಂದೂ ಹೆಸರು. ಮಾಂಗಾವನ್ನು ಓದುವವನು ಒಂದು ಚೌಕಟ್ಟಿನಲ್ಲಿ ಬೇಕಾದಷ್ಟು ಹೊತ್ತು ನಿಲ್ಲಬಲ್ಲನು, ಹಿಂದಿನ ಪುಟಕ್ಕೆ ಮರಳಬಲ್ಲನು. ದೂರದರ್ಶನದ ಪ್ರಸಾರದಲ್ಲಿ ಈ ಸ್ವಾತಂತ್ರ್ಯವಿಲ್ಲ. ಎರಡು ಚೌಕಟ್ಟುಗಳ ನಡುವೆ ಓದುಗನು ಊಹಿಸಿಕೊಳ್ಳುತ್ತಿದ್ದ ಚಲನೆಯನ್ನೆಲ್ಲ ಯಾರಾದರೊಬ್ಬರು ಕೂತು ಬರೆಯಬೇಕು.

ಒಸಾಮು ತೆಜುಕಾ ಅವರ ‘ತೆತ್ಸುವಾನ್ ಆತೊಮು’ 1952ರಿಂದ ಒಂದು ಬಾಲಕರ ಮಾಸಪತ್ರಿಕೆಯಲ್ಲಿ ಬಂದ ಮಾಂಗಾ. ಇದನ್ನು ಅವರು ತಾವೇ ಸ್ಥಾಪಿಸಿದ ಮುಷಿ ಪ್ರೊಡಕ್ಷನ್ ಸಂಸ್ಥೆಯಲ್ಲಿ ಆನಿಮೆಯಾಗಿಸಿದರು. 1963ರ ಜನವರಿ 1ರಂದು ಫುಜಿ ಟೆಲಿವಿಷನ್‌ನಲ್ಲಿ ಆರಂಭವಾಗಿ, ವಾರಕ್ಕೊಮ್ಮೆ ಅರ್ಧ ಗಂಟೆಯಂತೆ, 1966ರ ಕೊನೆಯವರೆಗೆ 193 ಕಂತುಗಳು ಪ್ರಸಾರವಾದವು.

ವಾರಕ್ಕೊಂದು ಕಂತು ಸಿದ್ಧವಾಗುವುದು ಹೇಗೆ? ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಬಿಂಬಗಳು, ನಿಮಿಷಕ್ಕೆ 1,440. ಪ್ರತಿ ಬಿಂಬಕ್ಕೂ ಹೊಸ ಚಿತ್ರ ಬರೆಯುವುದು ಅಸಾಧ್ಯ. ಒಂದೇ ಚಿತ್ರವನ್ನು ಮೂರು ಬಿಂಬಗಳ ಕಾಲ ನಿಲ್ಲಿಸಿದರೆ ನಿಮಿಷಕ್ಕೆ 480 ಚಿತ್ರಗಳು ಸಾಕು. ಮುಖವನ್ನು ನಿಶ್ಚಲವಾಗಿರಿಸಿ ಬಾಯಿಯನ್ನಷ್ಟೇ ಅಲುಗಿಸಿದರೆ, ಒಮ್ಮೆ ಬರೆದ ಹಾರಾಟದ ಚಿತ್ರಗಳನ್ನು ಕಾಪಿಟ್ಟು ಮತ್ತೆ ಮತ್ತೆ ಬಳಸಿದರೆ ಶ್ರಮ ಇನ್ನೂ ಕಡಿಮೆಯಾಗುತ್ತದೆ. ಅಭಾವದಿಂದ ಹುಟ್ಟಿದ ಈ ಮಿತವ್ಯಯವೇ ಮುಂದೆ ಆನಿಮೆಯ ಶೈಲಿಯೆನಿಸಿತು. ಮೂಲದ ಕಥೆಗಳು ಸಾಲದಾದಾಗ ಹೊಸವನ್ನು ಹೆಣೆಯಬೇಕಾಯಿತು. ಅಮೆರಿಕಕ್ಕೂ 1963ರಲ್ಲಿಯೇ ತಲುಪಿದ ಕೀರ್ತಿ ಸಂಸ್ಥೆಯನ್ನು ಉಳಿಸಲಿಲ್ಲ; 1973ರಲ್ಲಿ ಅದು ದಿವಾಳಿಯಾಯಿತು.

ಇಂದಿನ ಕ್ರಮ ಬೇರೆ. ಮಾಂಗಾದ ಪ್ರಕಾಶಕರು, ಪ್ರಸಾರ ಸಂಸ್ಥೆ, ಸಂಗೀತದ ಕಂಪನಿ, ಆಟಿಕೆ ತಯಾರಕರು ಕೂಡಿ ನಿರ್ಮಾಣ ಸಮಿತಿ ರಚಿಸಿಕೊಂಡು ಬಂಡವಾಳವನ್ನೂ ಹಕ್ಕುಗಳನ್ನೂ ಹಂಚಿಕೊಳ್ಳುತ್ತಾರೆ. ಹಲವು ಕೃತಿಗಳು ವರ್ಷದುದ್ದಕ್ಕೂ ನಡೆಯದೆ, ಮೂರು ತಿಂಗಳ ಅವಧಿಗೆ ಹನ್ನೆರಡು ಹದಿಮೂರು ಕಂತುಗಳಂತೆ ಬರುತ್ತವೆ. ಮಾಂಗಾ ಮುಂದೆ ಸಾಗಲು ಇದರಿಂದ ಅವಕಾಶವಾಗುತ್ತದೆ. ಆದರೆ ಚಿತ್ರ ಬರೆಯುವ ಸಂಸ್ಥೆ ಸಮಿತಿಯಲ್ಲಿ ಪಾಲುದಾರನಲ್ಲದಿದ್ದರೆ ಅದಕ್ಕೆ ದೊರೆಯುವುದು ಗೊತ್ತುಪಡಿಸಿದ ಕೂಲಿಯಷ್ಟೇ. ಕೃತಿ ಲೋಕಪ್ರಿಯವಾದಾಗ ಬರುವ ಲಾಭ ಹಕ್ಕುಳ್ಳವರದು.

ಇದರಿಂದ ನಾವು ಕಲಿಯಬೇಕಾದುದು ಎರಡು ಸಂಗತಿ. ರೂಪಾಂತರದಲ್ಲಿ ಕಥೆ ಉಳಿಯಿತೇ ಎಂದು ಕೇಳಿದರೆ ಸಾಲದು. ಲಯವನ್ನು ಯಾರು ನಿರ್ಣಯಿಸಿದರು, ಲಯಕ್ಕೆ ದುಡಿದವರಿಗೆ ಏನು ಸಂದಿತು ಎಂದೂ ಕೇಳಬೇಕು. ಗರತಿಯ ಹಾಡುಗಳನ್ನು ಕಟ್ಟಿದವರ ಹೆಸರುಗಳು ಉಳಿದಿಲ್ಲ. ನಾಳೆ ಬಾಗೇವಾಡಿಯ ಬಸವಣ್ಣನವರ ಚರಿತ್ರೆಯನ್ನೋ ಹಂತಿಯ ಪದವನ್ನೋ ನಮ್ಮ ವಿದ್ಯಾರ್ಥಿಗಳು ಚಲಿಸುವ ಚಿತ್ರವಾಗಿಸುವುದಾದರೆ, ಮೊದಲ ಗೆರೆ ಎಳೆಯುವ ಮುನ್ನವೇ ಈ ಎರಡು ಪ್ರಶ್ನೆಗಳನ್ನು ಇತ್ಯರ್ಥಮಾಡಿಕೊಳ್ಳುವುದು ಲೇಸು. ಎತ್ತಿನ ಹೆಜ್ಜೆಗೆ ಹುಟ್ಟಿದ ಪದ ಗಡಿಯಾರದ ಮುಳ್ಳಿಗೆ ಹೊಂದಿಕೊಳ್ಳಬಹುದು. ಹಾಗೆ ಹೊಂದಿಸುವವರು ಆ ಹೆಜ್ಜೆಯ ಸಪ್ಪಳವನ್ನು ಒಮ್ಮೆಯಾದರೂ ಕೇಳಿದವರಾಗಿರಬೇಕು.