ಮುಂದೊಗಲು ಬಿಗಿಯಾದರೆ ಶಸ್ತ್ರಚಿಕಿತ್ಸೆಯೇ ಬೇಕೆ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ಪಿಯುಸಿ ಮುಗಿಸಿ ಹಾಸ್ಟೆಲು ಸೇರಿದ ಮೇಲೆ ಮೊದಲ ಬಾರಿಗೆ ಎದುರಾಗುವ ಆತಂಕಗಳಲ್ಲಿ ಇದೂ ಒಂದು. ಶಿಶ್ನದ ತುದಿಯನ್ನು ಮುಚ್ಚುವ ಚರ್ಮ ಹಿಂದಕ್ಕೆ ಸರಿಯುವುದಿಲ್ಲ. ಸರಿಯಬೇಕು ಎಂಬುದೇ ಅದುವರೆಗೆ ಗೊತ್ತಿರುವುದಿಲ್ಲ. ಅಪ್ಪಯ್ಯನ ಬಳಿ ಹೇಳಲು ನಾಚಿಕೆ, ಅಮ್ಮನ ಬಳಿಯಂತೂ ಸಾಧ್ಯವೇ ಇಲ್ಲ. ರೂಮಿನ ಗೆಳೆಯ 'ಕೊಯ್ಸಿಕೊಳ್ಳಬೇಕು, ಇಲ್ಲದಿದ್ದರೆ ಮುಂದೆ ಮದುವೆಗೆ ಕಷ್ಟ' ಎಂದು ಹೆದರಿಸುತ್ತಾನೆ. ಹಿಂದೆ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಕಾಣುತ್ತಿದ್ದ 'ಗುಪ್ತರೋಗ ತಜ್ಞ'ರ ಜಾಹೀರಾತು ಈಗ ಮೊಬೈಲಿಗೇ ಬಂದಿದೆ. ಲೇಸರ್, ಸ್ಟೇಪ್ಲರ್, ಅರ್ಧ ಗಂಟೆಯ ಕೆಲಸ ಎಂದು ಆಸೆ ಹುಟ್ಟಿಸುತ್ತದೆ.

ಸೈನ್ಯ ಸೇರಬಯಸುವ ಹುಡುಗರಿಗೆ ಇನ್ನೊಂದು ಭಯ. ಎನ್‌ಡಿಎ ಪರೀಕ್ಷೆಯ ವೈದ್ಯಕೀಯ ನಿಯಮಗಳಲ್ಲಿ ಫೈಮೋಸಿಸ್ ಎಂಬ ಹೆಸರು ಕಂಡೊಡನೆ ಎದೆ ಧಸಕ್ಕೆನ್ನುತ್ತದೆ. ಆದರೆ ನಿಯಮವನ್ನು ಪೂರ್ತಿ ಓದಿದರೆ, ಸ್ವಚ್ಛತೆಗೆ ಅಥವಾ ಮೂತ್ರ ವಿಸರ್ಜನೆಗೆ ಅಡ್ಡಿಯಾಗುವಷ್ಟು ಬಿಗಿಯಿದ್ದರೆ, ಇಲ್ಲವೇ ಚರ್ಮ ಬಿಳಿಚಿ ಗಟ್ಟಿಯಾಗುವ ರೋಗ ಜೊತೆಗಿದ್ದರೆ ಎಂಬ ಷರತ್ತು ಅಲ್ಲಿಯೇ ಇದೆ. ವೈದ್ಯರು ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ನಿರ್ಧರಿಸುವಾಗ ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ. ಬಿಗಿ ಇದೆಯೇ ಎಂಬುದಕ್ಕಿಂತ ಅದರಿಂದ ತೊಂದರೆ ಏನು ಎಂಬುದು ಮುಖ್ಯ.

ಹುಟ್ಟುವಾಗ ಎಲ್ಲ ಗಂಡುಮಕ್ಕಳ ಮುಂದೊಗಲೂ ಬಹುಮಟ್ಟಿಗೆ ಒಳಗಿನ ಮಣಿಗೆ ಅಂಟಿಕೊಂಡೇ ಇರುತ್ತದೆ. ಇಂಗ್ಲೆಂಡಿನ ಡಗ್ಲಾಸ್ ಗೇರ್ಡ್‌ನರ್ 1949ರಲ್ಲಿ ಬರೆದ ಪ್ರಸಿದ್ಧ ಲೇಖನದ ಪ್ರಕಾರ, ನವಜಾತ ಶಿಶುಗಳಲ್ಲಿ ಅದು ಪೂರ್ತಿ ಸರಿಯುವುದು ಶೇಕಡಾ 4ರಷ್ಟು ಮಕ್ಕಳಲ್ಲಿ ಮಾತ್ರ. 1968ರಲ್ಲಿ ಡೆನ್ಮಾರ್ಕಿನ ಯಾಕೊಬ್ ಓಸ್ಟರ್ ಶಾಲಾ ಬಾಲಕರನ್ನು ವರ್ಷಗಟ್ಟಲೆ ಪರೀಕ್ಷಿಸಿ, 17ರ ಹೊತ್ತಿಗೆ ಬಿಗಿ ಉಳಿಯುವುದು ನೂರಕ್ಕೆ ಒಬ್ಬರಲ್ಲಿ ಎಂದು ಕಂಡುಕೊಂಡರು. ಅಂದರೆ ಚರ್ಮ ತಾನಾಗಿಯೇ ಬಿಡಿಸಿಕೊಳ್ಳಲು ಹದಿಹರೆಯದವರೆಗೂ ಸಮಯ ತೆಗೆದುಕೊಳ್ಳಬಹುದು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವಾಗ 'ಈಗಲೇ ಬಿಡಿಸಬೇಕು' ಎಂದು ಜೋರಾಗಿ ಹಿಂದಕ್ಕೆ ಎಳೆಯುವವರಿದ್ದಾರೆ. ಅದು ತಪ್ಪು. ಎಳೆದಾಗ ಸಣ್ಣ ಸೀಳುಗಳಾಗಿ, ಅವು ಮಾಯುವಾಗ ಕಲೆಗಟ್ಟಿ, ಇಲ್ಲದ ರೋಗವನ್ನು ಕೈಯಾರೆ ತಂದುಕೊಂಡಂತಾಗುತ್ತದೆ.

ದೊಡ್ಡವನಾದ ಮೇಲೂ ಬಿಗಿ ಉಳಿದರೆ? ಮೊದಲ ಮದ್ದು ಮುಲಾಮು. ಬೀಟಾಮೆಥಸೋನ್‌ನಂಥ ಸ್ಟೆರಾಯ್ಡ್ ಮುಲಾಮನ್ನು ಬಿಗಿಯಾದ ಉಂಗುರದಂಥ ಭಾಗಕ್ಕೆ ಹಚ್ಚಿ, ನೋವಾಗದಷ್ಟು ಮೆಲ್ಲಗೆ ಚರ್ಮ ಸರಿಸುವ ಅಭ್ಯಾಸ. 4ರಿಂದ 8 ವಾರ. ಬಹಳಷ್ಟು ಹುಡುಗರಿಗೆ ಇಷ್ಟೇ ಸಾಕಾಗುತ್ತದೆ. ಆದರೆ ಇದು ವೈದ್ಯರು ನೋಡಿ ಬರೆದುಕೊಡಬೇಕಾದ ಮದ್ದು. ನಾಚಿಕೆಯಿಂದ ಮೆಡಿಕಲ್ ಶಾಪಿಗೆ ಹೋಗಿ 'ತುರಿಕೆಗೆ ಏನಾದರೂ ಕೊಡಿ' ಎಂದರೆ ಸಿಗುವುದು ಮೂರ್ನಾಲ್ಕು ಔಷಧ ಬೆರೆತ ಟ್ಯೂಬು. ಅದು ಶಿಲೀಂಧ್ರದ ಸೋಂಕನ್ನು ಒಳಗೊಳಗೇ ಬೆಳೆಸಬಹುದು. ಮಲೆನಾಡಿನ ಮಳೆಗಾಲದಲ್ಲಿ ಒಳಉಡುಪು ಒಣಗುವುದೇ ಇಲ್ಲವೆಂದ ಮೇಲೆ ಹೇಳುವುದೇನಿದೆ.

ನಿಧಾನವಾಗಿ ಹಿಗ್ಗಿಸುವ ಈ ಉಪಾಯ ಹೊಸತೇನಲ್ಲ. ಸುಶ್ರುತ ಸಂಹಿತೆಯಲ್ಲಿ ಈ ತೊಂದರೆಗೆ ನಿರುದ್ಧಪ್ರಕಶ ಎಂದು ಹೆಸರು. ತುಪ್ಪ ಸವರಿದ ನಳಿಗೆಯನ್ನು ಇಟ್ಟು, ಮೂರು ದಿನಕ್ಕೊಮ್ಮೆ ಇನ್ನಷ್ಟು ದಪ್ಪದ್ದನ್ನು ಬಳಸಿ ದಾರಿ ಅಗಲಿಸುವ ಕ್ರಮ ಅಲ್ಲಿದೆ. ಶಸ್ತ್ರಚಿಕಿತ್ಸೆಗೆ ಹೆಸರಾದ ಗ್ರಂಥವೇ ಇಲ್ಲಿ ಹಿಗ್ಗಿಸುವ ದಾರಿ ಹೇಳಿದೆ ಎಂಬುದು ಗಮನಿಸಬೇಕಾದ್ದು. (ಇಂದು ಯಾರೂ ಮನೆಯಲ್ಲಿ ನಳಿಗೆ ಪ್ರಯೋಗಕ್ಕೆ ಇಳಿಯಬಾರದು.)

ಹಾಗಾದರೆ ಕತ್ತರಿಸಲೇಬೇಕಾದ ಸಂದರ್ಭ ಯಾವುದು? ಚರ್ಮದ ತುದಿ ಬಿಳಿಚಿ, ರಬ್ಬರಿನಂತೆ ಗಟ್ಟಿಯಾಗಿ, ಮುಟ್ಟಿದರೆ ಸೀಳುವಂತಿದ್ದರೆ ಅದು ಲೈಕೆನ್ ಸ್ಕ್ಲೆರೋಸಸ್ ಎಂಬ ರೋಗವಿರಬಹುದು. ಇದು ಮೂತ್ರದ್ವಾರಕ್ಕೂ ಹಬ್ಬಿ ಅದನ್ನು ಕಿರಿದಾಗಿಸುತ್ತದೆ. ಮುಲಾಮಿಗೆ ಬಗ್ಗದಿದ್ದಾಗ ಇಲ್ಲಿ ಶಸ್ತ್ರಚಿಕಿತ್ಸೆಗೆ ಅನುಮಾನವೇ ಬೇಡ. ಮತ್ತೆ ಮತ್ತೆ ಊತ, ಕೀವು. ಮೂತ್ರ ಮಾಡುವಾಗ ಚರ್ಮ ಬಲೂನಿನಂತೆ ಉಬ್ಬಿ ಧಾರೆ ಸಣ್ಣಗಾಗುವುದು. ಲೈಂಗಿಕ ಸಂಪರ್ಕದಲ್ಲಿ ನೋವು, ಸೀಳು - ಮದ್ದಿನಿಂದ ಇವು ಹೋಗದಿದ್ದರೂ ಅದೇ ದಾರಿ. ಅಡಿಯ ದಾರದಂಥ ಭಾಗ ಮಾತ್ರ ಗಿಡ್ಡವಿದ್ದರೆ ಅಷ್ಟನ್ನೇ ಸಡಿಲಿಸಬಹುದು, ಇಡೀ ಚರ್ಮ ತೆಗೆಯಬೇಕಿಲ್ಲ. ಇದನ್ನು ಕೇಳದೆ ಬರುವವರೇ ಹೆಚ್ಚು.

ಒಂದು ಸಂದರ್ಭದಲ್ಲಿ ಮಾತ್ರ ಒಂದು ದಿನವೂ ಕಾಯುವಂತಿಲ್ಲ. ಹಿಂದಕ್ಕೆ ಎಳೆದ ಚರ್ಮ ಅಲ್ಲೇ ಸಿಕ್ಕಿಕೊಂಡು, ಮುಂದಿನ ಮಣಿ ಊದಿ ನೀಲಿಗಟ್ಟತೊಡಗಿದರೆ ರಕ್ತಸಂಚಾರ ನಿಲ್ಲುತ್ತದೆ. ರಾತ್ರಿಯಾದರೂ ಸರಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಮುಚ್ಚಿಟ್ಟುಕೊಂಡವರು ಅಂಗಕ್ಕೇ ಅಪಾಯ ತಂದುಕೊಂಡಾರು.

ಇನ್ನು ತಂದೆಯಂದಿರ ಪಾಲಿನ ಮಾತು. ಐವತ್ತರ ಆಸುಪಾಸಿನಲ್ಲಿ, ಇಷ್ಟು ವರ್ಷ ಸರಾಗವಾಗಿದ್ದ ಚರ್ಮ ಏಕಾಏಕಿ ಬಿರುಕು ಬಿಟ್ಟು ಬಿಗಿಯಾದರೆ ಮೊದಲು ಮಾಡಿಸಬೇಕಾದದ್ದು ರಕ್ತದ ಸಕ್ಕರೆ ಪರೀಕ್ಷೆ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿಯುವುದೇ ಹೀಗೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಈ ಭಾಗದಲ್ಲಿ ಶಿಲೀಂಧ್ರದ ಸೋಂಕು ಹೆಚ್ಚು. ತಾವಾಗಿ ಮಾತ್ರೆ ಬಿಡಬಾರದು, ವೈದ್ಯರಿಗೆ ಹೇಳಬೇಕು. ಸಕ್ಕರೆ ಹತೋಟಿಗೆ ಬಾರದೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಗಾಯ ಮಾಯುವುದು ನಿಧಾನ.

ಏಡ್ಸ್ ತಡೆಯಲು ಮಾಡಿಸಿಕೊಳ್ಳಬೇಕೆಂಬ ಮಾತೂ ಆಗಾಗ ಕೇಳಿಬರುತ್ತದೆ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳಲ್ಲಿ ನಡೆದ ಮೂರು ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವುದು ಸುಮಾರು ಶೇಕಡಾ 60ರಷ್ಟು ಕಡಿಮೆಯಾದದ್ದು ನಿಜ. ಆ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಸಲಹೆ ನೀಡಿದ್ದು ಸೋಂಕು ವ್ಯಾಪಕವಾಗಿರುವ ಪ್ರದೇಶಗಳಿಗೆ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಆ ಲೆಕ್ಕವನ್ನು ಶಿವಮೊಗ್ಗ ಜಿಲ್ಲೆಗೆ ಹಚ್ಚಲಾಗದು. ಶಿಶ್ನದ ಕ್ಯಾನ್ಸರಿಗೆ ಬಿಗಿ ಚರ್ಮ ಒಂದು ಕಾರಣವಾಗಬಲ್ಲದು, ಆದರೆ ಆ ಕ್ಯಾನ್ಸರೇ ಅಪರೂಪ. ತಂಬಾಕೂ ಅದಕ್ಕೆ ಕಾರಣ ಎಂಬುದನ್ನು ಕವಳಕ್ಕೆ ಹೊಗೆಸೊಪ್ಪು ಸೇರಿಸುವವರು ನೆನಪಿಡಬಹುದು.

ಮನೆಯ ಹಿರಿಯರ ಪ್ರಶ್ನೆಯೊಂದಿದೆ: 'ಅದು ಸಾಬರ ಪದ್ಧತಿಯಲ್ಲವೇ?' ಮುಸ್ಲಿಮರ ಸುನ್ನತಿಯನ್ನು ಕನ್ನಡದಲ್ಲಿ ಮುಂಜಿ ಎಂದೂ ಕರೆಯುತ್ತಾರೆ. ಉಪನಯನಕ್ಕೂ ಅದೇ ಹೆಸರು! ಅದು ಧಾರ್ಮಿಕ ಸಂಸ್ಕಾರ. ಆಸ್ಪತ್ರೆಯಲ್ಲಿ ರೋಗಕ್ಕೆ ಮಾಡುವುದು ಚಿಕಿತ್ಸೆ. ಹರ್ನಿಯಾ ಆಪರೇಷನ್ನಿಗೆ ಇಲ್ಲದ ಜಾತಿ ಇದಕ್ಕೇಕೆ?

ಶಸ್ತ್ರಚಿಕಿತ್ಸೆ ನಿಶ್ಚಯವಾದರೆ ಹೆದರುವಂಥದ್ದೇನಿಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ ಆ ಭಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮುಗಿಸುತ್ತಾರೆ, ಹೊಲಿಗೆ ತಾನಾಗಿ ಕರಗುತ್ತದೆ. ರಕ್ತಸ್ರಾವ, ಸೋಂಕು ಅಪರೂಪಕ್ಕೆ ಆಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು. ಒಂದು ವಾರ ಹತ್ತು ದಿನ ವಿಶ್ರಾಂತಿ, ಸಂಪರ್ಕಕ್ಕೆ 4ರಿಂದ 6 ವಾರ ಬಿಡುವು. ಅಡಿಕೆ ಕೊಯ್ಲಿನ ತಿಂಗಳಲ್ಲಿ, ಪರೀಕ್ಷೆಯ ಹಿಂದಿನ ವಾರದಲ್ಲಿ ಬೇಡ. ಮಲೆನಾಡಿನ ರಸ್ತೆಯಲ್ಲಿ ಬೈಕ್ ಸವಾರಿಯೂ ಅಷ್ಟು ದಿನ ಬೇಡವೇ ಬೇಡ.

ಶಿವಮೊಗ್ಗಕ್ಕೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಓಡುವ ಮುನ್ನ ತಾಲ್ಲೂಕು ಆಸ್ಪತ್ರೆಯ ಶಸ್ತ್ರಚಿಕಿತ್ಸಕರನ್ನು ಕಾಣಬಹುದು. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. 'ಮುಲಾಮು ಹಚ್ಚಿ ನೋಡಬಹುದೇ, ಎಷ್ಟು ವಾರ?' ಎಂದು ಹುಡುಗ ತಾನೇ ಬಾಯಿಬಿಟ್ಟು ಕೇಳಲಿ. ಅಪ್ಪಯ್ಯ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತರೆ ಸಾಕು. 18 ತುಂಬಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವನೂ ಮಗನೇ.