ರಾಗಿ ಮಡಿಗೆ ಚೀಟಿ ಎತ್ತುವವರು

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಗಿ ತಳಿಗಳನ್ನು ಹೋಲಿಸುವ ಪ್ರಯೋಗವೆಂದರೆ, ಬಿತ್ತುವ ಮುಂಚೆ ಚೀಟಿ ಎತ್ತಬೇಕು. ಯಾವ ತಳಿ ಯಾವ ಮಡಿಗೆ ಎಂಬುದನ್ನು ಸಂಶೋಧಕರು ತಮಗೆ ತೋಚಿದಂತೆ ಗೊತ್ತು ಮಾಡುವಂತಿಲ್ಲ. ಚೀಟಿಯೋ ಕಂಪ್ಯೂಟರೋ ಹೇಳಬೇಕು. ಹೊಲದ ತಗ್ಗಿನಲ್ಲಿ ತೇವ ಹೆಚ್ಚು, ದಿಣ್ಣೆಯಲ್ಲಿ ಕಡಿಮೆ. ಮೆಚ್ಚಿನ ತಳಿಯನ್ನು ತಗ್ಗಿಗೇ ಹಾಕಿ ‘ಎಂಥ ಇಳುವರಿ ನೋಡಿ!’ ಎಂದರೆ ಅದು ತಳಿಯ ಗುಣವೋ, ಮಣ್ಣಿನ ಗುಣವೋ?

ಈ ತಕರಾರನ್ನೇ ಪಾಠವಾಗಿ ಹೇಳುವವರು ಅಲ್ಲಿನ ಕೃಷಿ ಸಂಖ್ಯಾಶಾಸ್ತ್ರ, ಅನ್ವಯಿಕ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ವಿಭಾಗದ ಅಧ್ಯಾಪಕರು. ಉಸಿರು ಕಟ್ಟಿಸುವ ಹೆಸರು. ಕೆಲಸವೂ ಹಾಗೆಯೇ: ತರಗತಿಯಲ್ಲಿ ಪಾಠ, ಉಳಿದ ಹೊತ್ತಿನಲ್ಲಿ ಇಳುವರಿ, ಮಳೆ, ಮಾರುಕಟ್ಟೆ ಧಾರಣೆಗಳ ಏರಿಳಿತವನ್ನು ಸಮೀಕರಣಕ್ಕೆ ಒಗ್ಗಿಸುವ ಸಂಶೋಧನೆ.

ಐದು ತಳಿ, ನಾಲ್ಕು ಬ್ಲಾಕ್ ಎಂದುಕೊಳ್ಳಿ. ಒಟ್ಟು 20 ಮಡಿ. ಒಂದು ಬ್ಲಾಕಿನೊಳಗೆ ಮಣ್ಣು ಸುಮಾರಾಗಿ ಒಂದೇ ಥರ ಇರುವಂತೆ ಗುರುತು ಹಾಕುತ್ತಾರೆ. ಒಂದೊಂದು ಬ್ಲಾಕಿನಲ್ಲೂ ಐದು ತಳಿಗಳನ್ನು ಜೋಡಿಸಲು 120 ದಾರಿಗಳಿವೆ. ಚೀಟಿ ಅದರಲ್ಲೊಂದನ್ನು ಆರಿಸುತ್ತದೆ. ವಿದ್ಯಾರ್ಥಿಗಳ ಬಾಯಲ್ಲಿ ಇದು ‘ಆರ್‌ಬಿಡಿ’, ಅಂದರೆ ರ್ಯಾಂಡಮೈಸ್ಡ್ ಬ್ಲಾಕ್ ಡಿಸೈನ್. ಕೊಯ್ಲಿನಲ್ಲಿ ಅಂಚಿನ ಸಾಲುಗಳನ್ನು ಬಿಟ್ಟು ನಡುವಿನವನ್ನಷ್ಟೇ ತೂಗುತ್ತಾರೆ. ಅಂಚಿನ ಗಿಡಕ್ಕೆ ಬಿಸಿಲು, ಗಾಳಿ ಧಾರಾಳ. ಅದರ ತೆನೆ ನಂಬಿದರೆ ಲೆಕ್ಕ ಕೆಡುತ್ತದೆ.

ಈ ವಿದ್ಯೆ ಹುಟ್ಟಿದ್ದೂ ಹೊಲದಲ್ಲೇ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದ ಗೊಬ್ಬರದ ಪ್ರಯೋಗಗಳ ಅಂಕಿಗಳು ರಾಶಿ ಬಿದ್ದಿದ್ದವು. 1919ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ರೊನಾಲ್ಡ್ ಫಿಶರ್ ಅವನ್ನು ಜಾಲಾಡುತ್ತಲೇ, ಅಂಕಿಗಳ ಏರಿಳಿತವನ್ನು ಬಿಡಿಸಿ ನೋಡುವ ‘ಅನೋವಾ’ದಂಥ ವಿಧಾನಗಳನ್ನು ಬೆಳೆಸಿದರು. ಅದಕ್ಕೂ 20 ವರ್ಷ ಮೊದಲೇ, 1899ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಯೋಗ ಕ್ಷೇತ್ರ ಶುರುವಾಗಿತ್ತು. ಕೃಷಿ ವಿಶ್ವವಿದ್ಯಾಲಯ ಬಂದದ್ದು 1964ರಲ್ಲಿ.

ಜಿಕೆವಿಕೆಯದೇ 560065 ಪಿನ್‌ಕೋಡಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರವೂ ಇದೆ. ಅಲ್ಲಿಯೂ ಸಂಶೋಧಕರೇ ಪಾಠ ಮಾಡುತ್ತಾರೆ. ಆದರೆ ಅವರ ಪೈರು ಬೇರೆ. ದ್ರವದ ಹರಿವು, ಅಲೆಗಳ ಚಲನೆ, ಅವನ್ನು ಹಿಡಿಯುವ ಆಂಶಿಕ ಅವಕಲ ಸಮೀಕರಣಗಳು.

ಜಿಕೆವಿಕೆಯ ವಿದ್ಯಾರ್ಥಿಗೆ ನಿಜವಾದ ಪುಕುಪುಕು ಪ್ರಬಂಧದ ಕೋಷ್ಟಕದ ಕೊನೆಯ ಸಾಲಿನಲ್ಲಿ. ಅಲ್ಲಿ ‘ಸಿ.ಡಿ.’ (ಕ್ರಿಟಿಕಲ್ ಡಿಫರೆನ್ಸ್) ಇರುತ್ತದೆ: ಎರಡು ತಳಿಗಳು ನಿಜಕ್ಕೂ ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ. ಅದು ಹೆಕ್ಟೇರಿಗೆ 3 ಕ್ವಿಂಟಲ್ ಎಂದಿದ್ದು, ಎರಡು ತಳಿಗಳ ನಡುವಿನ ಅಂತರ ಎರಡೇ ಕ್ವಿಂಟಲ್ ಆದರೆ ಹೊಸ ತಳಿ ಗೆದ್ದಿತು ಎನ್ನುವಂತಿಲ್ಲ. ಕೆಲವೊಮ್ಮೆ ಅಂಕಿಯ ಜಾಗದಲ್ಲಿ ‘ಎನ್.ಎಸ್.’ ಎಂಬ ಎರಡಕ್ಷರ ಮಾತ್ರ: ತಳಿಗಳಲ್ಲಿ ಗಣನೀಯ ವ್ಯತ್ಯಾಸ ಕಂಡಿಲ್ಲ ಎಂದು. ಇಡೀ ಮುಂಗಾರು ಕಳೆ ಕಿತ್ತು, ಹಕ್ಕಿ ಕಾಯ್ದವರು ಅದನ್ನೂ ಟೈಪ್ ಮಾಡಿಯೇ ಸಲ್ಲಿಸಬೇಕು.